ಅಂಕಿ ಮೊದಲು, ಅಂಕಿತ ಆಮೇಲೆ

ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಚೌಕಟ್ಟು ಇತ್ತು. ಬಿಚ್ಚಿ ನನ್ನ ಮುಂದಿಟ್ಟ. ಹೊಂಬಣ್ಣದ ಅಂಚು, ಕೆಂಪು ಮೊಹರು, ನಡುವೆ ಇಂಗ್ಲಿಷಿನ ಬರಹ. ಆಕಾಶದ ಇಂಥ ಭಾಗದಲ್ಲಿರುವ ಇಂಥ ನಕ್ಷತ್ರಕ್ಕೆ ಇಂಥವರ ಹೆಸರನ್ನು ಇಡಲಾಗಿದೆಯೆಂದು ಅದರ ಸಾರಾಂಶ. ಆ ಹೆಸರು ಹಿಂದಿನ ವರ್ಷ ತೀರಿಕೊಂಡ ಅವನ ತಾಯಿಯದು.

"ಸರ್, ಇದರ ಕೆಳಗೆ ಕನ್ನಡದಾಗ ನಾಕು ಸಾಲು ಬರ್ದು ಕೊಡ್ರಿ. ನಿಮ್ಮ ಅಕ್ಷರದಾಗೇ ಇರ್ಲಿ," ಎಂದ.

ಒಂದು ತಿಂಗಳ ಓಟಿ ಹಣವನ್ನು ಅವನು ಅದಕ್ಕೆ ಕಟ್ಟಿದ್ದ. ನಾನು ಕನ್ನಡ ಪಂಡಿತ, ಖಗೋಳ ವಿಜ್ಞಾನಿಯಲ್ಲ. ಆದರೂ ಆಕಾಶದ ಹೆಸರುಗಳು ಅಂಗಡಿಯಲ್ಲಿ ಸಿಗುವ ಸರಕಲ್ಲವೆಂಬಷ್ಟು ತಿಳಿವಳಿಕೆ ನನಗಿತ್ತು. ಹೇಳುವುದೋ ಬಿಡುವುದೋ ಎಂದು ತಡೆದೆ. ಕೊನೆಗೆ, "ಇದನ್ನು ಇಲ್ಲೇ ಬಿಟ್ಟು ಹೋಗಪ್ಪ, ಒಂದು ವಾರ ಕೊಡು," ಎಂದೆ. ಆ ವಾರದಲ್ಲಿ ಓದಿದ್ದನ್ನೂ, ಅದರಿಂದ ನನಗೆ ತಿಳಿದದ್ದನ್ನೂ ಈಗ ನಿಮ್ಮ ಮುಂದೆ ಇಡುತ್ತೇನೆ.

ಅಂತರರಾಷ್ಟ್ರೀಯ ಖಗೋಳ ಸಂಘವು ೧೯೧೯ರಲ್ಲಿ ಸ್ಥಾಪಿತವಾದ ಸಂಸ್ಥೆ. ಆಕಾಶದ ಕಾಯಗಳ ಹೆಸರನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಒಪ್ಪಬೇಕಾದರೆ ಅದಕ್ಕೆ ಈ ಸಂಘದ ಮುದ್ರೆ ಬೇಕು. ಅದು ಯಾರಿಗೂ ಹೆಸರನ್ನು ಮಾರುವುದಿಲ್ಲ. ಹಣ ಪಡೆದು ಪ್ರಮಾಣಪತ್ರ ಕೊಡುವವರ ಹೆಸರುಗಳು ಆ ಪತ್ರದಲ್ಲಿ ಮಾತ್ರ ಇರುತ್ತವೆ, ಆಕಾಶದ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಹಾಗಿದ್ದರೂ ಸಾಮಾನ್ಯ ಮನುಷ್ಯರ ಹೆಸರು ನ್ಯಾಯವಾಗಿಯೇ ಏರಬಲ್ಲ ಒಂದು ವರ್ಗ ಆಕಾಶದಲ್ಲಿ ಉಂಟು. ಮಂಗಳ ಮತ್ತು ಗುರು ಗ್ರಹಗಳ ನಡುವಣ ಹರವಿನಲ್ಲಿಯೂ ಅದರಾಚೆ ಈಚೆಯೂ ಸೂರ್ಯನನ್ನು ಸುತ್ತುತ್ತಿರುವ ಬಂಡೆಗಳ ವರ್ಗ ಅದು. ಕನ್ನಡದಲ್ಲಿ ಅವನ್ನು ಕ್ಷುದ್ರಗ್ರಹಗಳೆನ್ನುತ್ತೇವೆ. ಕ್ಷುದ್ರವೆಂದೊಡನೆ ನಮ್ಮ ಕಿವಿಗೆ ನೀಚವೆಂಬ ಅರ್ಥ ಕೇಳಿಸುತ್ತದೆ. ಆದರೆ ಸಂಸ್ಕೃತದಲ್ಲಿ ಆ ಪದದ ಮೊದಲ ಅರ್ಥ ಚಿಕ್ಕದು ಎಂದಷ್ಟೆ. ಈ ಚಿಕ್ಕವರ ನಾಮಕರಣದ ಕಥೆಯಲ್ಲಿ ದೊಡ್ಡ ಸ್ವಾರಸ್ಯವಿದೆ.

ಶಾಲೆಯಲ್ಲಿ ಕಲಿತ ವ್ಯಾಕರಣವನ್ನು ಒಮ್ಮೆ ನೆನೆದುಕೊಳ್ಳಿ. ವಸ್ತುವಾಚಕಗಳಲ್ಲಿ ಮೂರು ಬಗೆ. ಊರು, ನದಿ, ಬೆಟ್ಟ ಎಂಬವು ರೂಢನಾಮಗಳು. ಬಳ್ಳಾರಿ, ತುಂಗಭದ್ರೆ, ಮಾತಂಗ ಎಂಬವು ಅಂಕಿತನಾಮಗಳು, ಎಂದರೆ ಗುರುತಿಗಾಗಿ ಇಟ್ಟ ಹೆಸರುಗಳು. ಗುಣ, ವೃತ್ತಿ, ಸ್ಥಿತಿಗಳಿಂದ ಬಂದ ಪಂಡಿತ, ವ್ಯಾಪಾರಿ, ರೋಗಿ ಮೊದಲಾದವು ಅನ್ವರ್ಥನಾಮಗಳು. ಕ್ಷುದ್ರಗ್ರಹವೆಂಬುದು ರೂಢನಾಮ. ಆ ಬಂಡೆಗಳಲ್ಲಿ ಒಂದೊಂದಕ್ಕೂ ಅನ್ವರ್ಥನಾಮವೊಂದು ಮೊದಲು ದೊರೆಯುತ್ತದೆ. ಅಂಕಿತನಾಮಕ್ಕೆ ಬಹುಕಾಲ ಕಾಯಬೇಕಾಗುತ್ತದೆ. ಇದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

೧೮೦೧ನೆಯ ಇಸವಿಯ ಜನವರಿ ೧ರ ರಾತ್ರಿ. ಸಿಸಿಲಿ ದ್ವೀಪದ ಪಲೆರ್ಮೋ ನಗರದಲ್ಲಿ ಜ್ಯುಸೆಪ್ಪೆ ಪಿಯಾಜಿ ಎಂಬ ಪಾದ್ರಿಯು ನಕ್ಷತ್ರಗಳ ಪಟ್ಟಿ ತಯಾರಿಸುತ್ತಿದ್ದಾಗ ಪಟ್ಟಿಯಲ್ಲಿ ಇಲ್ಲದ ಚುಕ್ಕಿಯೊಂದು ಕಂಡಿತು. ಮರುರಾತ್ರಿ ಅದು ಸ್ವಲ್ಪ ಸರಿದಿತ್ತು. ಅದರ ಮರುರಾತ್ರಿ ಇನ್ನೂ ಸ್ವಲ್ಪ. ಫೆಬ್ರುವರಿಯವರೆಗೆ ಅದರ ಬೆನ್ನು ಹತ್ತಿದ ಪಿಯಾಜಿ ಅದಕ್ಕೆ ಸೆರೆಸ್ ಫೆರ್ಡಿನಾಂಡಿಯಾ ಎಂದು ಹೆಸರಿಟ್ಟ. ಸೆರೆಸ್ ಎಂಬುವಳು ಧಾನ್ಯದ ದೇವತೆ, ಸಿಸಿಲಿಯವರ ಆರಾಧ್ಯೆ. ಫೆರ್ಡಿನಾಂಡ್ ಅಲ್ಲಿಯ ದೊರೆ, ಪಿಯಾಜಿಯ ಆಶ್ರಯದಾತ.

ಆದರೆ ಹೆಸರು ಉಳಿದು ವಸ್ತು ಕಳೆದುಹೋಯಿತು! ಅದು ಸೂರ್ಯನ ಪ್ರಭೆಯೊಳಗೆ ಮರೆಯಾಗಿತ್ತು. ಮತ್ತೆ ಎಲ್ಲಿ ಹುಡುಕಬೇಕೆಂಬುದು ಯಾರಿಗೂ ತಿಳಿಯದು. ಆಗ ೨೪ ವರ್ಷದ ತರುಣ ಗಣಿತಜ್ಞ ಗೌಸ್, ಪಿಯಾಜಿಯ ಕೆಲವೇ ಅಳತೆಗಳನ್ನು ಇಟ್ಟುಕೊಂಡು ಅದರ ಪಥವನ್ನು ಲೆಕ್ಕಹಾಕಿದ. ಆ ಲೆಕ್ಕ ತೋರಿಸಿದ ಎಡೆಯಲ್ಲಿಯೇ, ಅದೇ ವರ್ಷ ಡಿಸೆಂಬರ್ ೩೧ರಂದು, ಫಾನ್ ಜಾಕ್ ಎಂಬಾತನಿಗೆ ಸೆರೆಸ್ ಮತ್ತೆ ಕಾಣಿಸಿತು. ಲೆಕ್ಕ ಸರಿಯಾದ ಮೇಲೆಯೇ ಹೆಸರಿಗೆ ನೆಲೆ ಸಿಕ್ಕಿತು. ಈ ಮಾತನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕ್ಷುದ್ರಗ್ರಹಗಳ ನಾಮಕರಣದ ಮರ್ಮವೆಲ್ಲ ಇದರಲ್ಲಿ ಅಡಗಿದೆ.

ದೊರೆಯ ಹೆಸರು ಏನಾಯಿತು? ಬೇರೆ ದೇಶದವರು ಅದನ್ನು ಒಪ್ಪಲಿಲ್ಲ. ಫೆರ್ಡಿನಾಂಡಿಯಾ ಬಿದ್ದುಹೋಗಿ ಸೆರೆಸ್ ಉಳಿಯಿತು. ನಮ್ಮ ಸೀಮೆಯವರಿಗೆ ಇದು ಅಚ್ಚರಿಯಲ್ಲ. ವಿಜಯನಗರದ ಕೃಷ್ಣದೇವರಾಯನು ರಾಜಧಾನಿಯ ಬಳಿ ಹೊಸ ಪಟ್ಟಣವನ್ನು ಕಟ್ಟಿಸಿ ನಾಗಲಾಪುರವೆಂದು ಕರೆದನೆಂಬುದು ಪ್ರಸಿದ್ಧವಾದ ಮಾತು. ಜನ ಮಾತ್ರ ಅದನ್ನು ಹೊಸ ಪೇಟೆಯೆಂದರು. ಅರಸನಿಟ್ಟ ಹೆಸರು ಪುಸ್ತಕ ಸೇರಿತು, ಜನರಿಟ್ಟ ಹೆಸರು ರೈಲು ನಿಲ್ದಾಣದ ಹಲಗೆಯ ಮೇಲೆ ಉಳಿಯಿತು. ಹೆಸರು ಇಡುವವನು ಒಬ್ಬನಾದರೂ ಉಳಿಸುವವರು ಹಲವರು.

ಸೆರೆಸ್ ಆದ ಮೇಲೆ ೧೮೦೨ರಲ್ಲಿ ಪಲ್ಲಾಸ್, ೧೮೦೪ರಲ್ಲಿ ಜುನೊ, ೧೮೦೭ರಲ್ಲಿ ವೆಸ್ಟಾ ಸಿಕ್ಕಿದವು. ಎಲ್ಲ ದೇವತೆಯರ ಹೆಸರುಗಳೇ. ಮುಂದೆ ೩೮ ವರ್ಷ ಏನೂ ಸಿಗಲಿಲ್ಲ. ೧೮೪೫ರಲ್ಲಿ ಹೆಂಕೆ ಎಂಬ ಜರ್ಮನ್ ಅಂಚೆ ನೌಕರ, ವರ್ಷಗಟ್ಟಲೆ ಹುಡುಕಿ ಐದನೆಯದಾದ ಅಸ್ಟ್ರಿಯಾವನ್ನು ಕಂಡ. ಅಲ್ಲಿಂದ ಬಾಗಿಲು ತೆರೆದ ಹಾಗಾಯಿತು. ಗ್ರಹಗಳಿಗಿರುವಂತೆ ಇವುಗಳಿಗೂ ಒಂದೊಂದು ಚಿತ್ರಸಂಕೇತ ಬರೆಯುವ ರೂಢಿಯಿತ್ತು. ಸಂಖ್ಯೆ ಬೆಳೆದಂತೆ ಚಿತ್ರಗಳು ತೊಡಕಾದವು. ೧೮೫೦ರ ದಶಕದಲ್ಲಿ ಅವನ್ನು ಬಿಟ್ಟು, ಕಂಡ ಕ್ರಮದಲ್ಲಿ ಅಂಕಿಗಳನ್ನು ಕೊಡತೊಡಗಿದರು.

ಹೆಸರಿನ ಜಗಳಗಳೂ ಆಗಲೇ ಆರಂಭವಾದವು. ೧೮೫೦ರಲ್ಲಿ ಲಂಡನ್ನಿನ ಹೈಂಡ್ ಎಂಬಾತ ೧೨ನೆಯದಕ್ಕೆ ವಿಕ್ಟೋರಿಯಾ ಎಂದು ಹೆಸರಿಟ್ಟ. ಬದುಕಿರುವ ರಾಣಿಯ ಹೆಸರು ಆಕಾಶಕ್ಕೆ ಸಲ್ಲದೆಂದು ಅಮೆರಿಕದವರು ತಕರಾರು ತೆಗೆದರು. ವಿಕ್ಟೋರಿಯಾ ಎಂಬ ರೋಮನ್ ದೇವತೆಯೂ ಇದ್ದಾಳೆಂದು ಸಮಾಧಾನ ಹೇಳಲಾಯಿತು. ಶ್ಲೇಷಾಲಂಕಾರವು ಕವಿಗಳಿಗೆ ಮಾತ್ರ ಉಪಯೋಗಕ್ಕೆ ಬರುವುದೆಂದು ನಾನು ತಿಳಿದಿದ್ದೆ! ೧೮೫೨ರಲ್ಲಿ ಪ್ಯಾರಿಸಿನ ಚಿತ್ರಕಾರ ಗೋಲ್ಡ್‌ಸ್ಮಿತ್ ತನ್ನ ಕೊಠಡಿಯ ಕಿಟಕಿಯಿಂದ ಕಂಡ ೨೧ನೆಯದಕ್ಕೆ, ಪ್ಯಾರಿಸ್ ನಗರದ ಪುರಾತನ ಹೆಸರಾದ ಲುಟೇಷಿಯಾ ಎಂಬುದನ್ನು ಕೊಟ್ಟ. ಊರಿನ ಹೆಸರುಗಳಿಗೂ ದಾರಿಯಾಯಿತು.

ಮಾರಾಟವೂ ಒಮ್ಮೆ ನಡೆದದ್ದುಂಟು. ೧೮೮೫ರಲ್ಲಿ ವಿಯೆನ್ನಾದ ಪಲೀಸಾ ಎಂಬ ವಿಜ್ಞಾನಿಗೆ ಸೂರ್ಯಗ್ರಹಣ ನೋಡಲು ಪ್ರವಾಸ ಹೋಗಬೇಕಾಗಿತ್ತು, ಹಣವಿರಲಿಲ್ಲ. ತಾನು ಕಂಡ ಕ್ಷುದ್ರಗ್ರಹಕ್ಕೆ ಹೆಸರಿಡುವ ಹಕ್ಕನ್ನು ೫೦ ಪೌಂಡಿಗೆ ಕೊಡುವೆನೆಂದು ಪ್ರಕಟಿಸಿದ. ರಾತ್‌ಷೀಲ್ಡ್ ಮನೆತನದ ಶ್ರೀಮಂತನೊಬ್ಬ ಕೊಂಡು ತನ್ನ ಹೆಂಡತಿಯ ಹೆಸರಿಟ್ಟ. ೨೫೦ನೆಯ ಬೆಟ್ಟಿನಾ ಇಂದಿಗೂ ಆ ಹೆಸರಿನಿಂದಲೇ ಸುತ್ತುತ್ತಿದೆ. ಆದರೆ ಪಲೀಸಾ ಮಾರಿದ್ದು ತನ್ನ ಕಣ್ಣಿನಿಂದ ಕಂಡು, ಪಥ ಗೊತ್ತಾದ ವಸ್ತುವಿನ ಹೆಸರನ್ನು. ನನ್ನ ವಿದ್ಯಾರ್ಥಿಗೆ ಪತ್ರ ಮಾರಿದವರು ಯಾವ ಚುಕ್ಕಿಯನ್ನೂ ಕಂಡುಹಿಡಿದವರಲ್ಲ. ಪಲೀಸಾ ಮಾಡಿದಂಥದಕ್ಕೂ ಈಗ ಅವಕಾಶವಿಲ್ಲ.

ಇಷ್ಟು ಹೊತ್ತು ಯುರೋಪಿನಲ್ಲಿ ಸುತ್ತಾಡಿದೆವು. ಇನ್ನು ಮನೆಯ ಕಡೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿ, ಹೊಸಪೇಟೆ, ಹಂಪೆ, ಕಂಪ್ಲಿಗಳೆಲ್ಲ ಮದರಾಸು ಪ್ರಾಂತಕ್ಕೆ ಸೇರಿದ್ದವು. ಸಂಡೂರು ಅವುಗಳ ನಡುವೆ ಒಂದು ಪುಟ್ಟ ಸಂಸ್ಥಾನ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರುವವರೆಗೆ ನಮ್ಮ ಹಿರಿಯರಿಗೆ ಮದರಾಸೇ ರಾಜಧಾನಿ. ಆ ನಗರದ ನುಂಗಂಬಾಕಮ್ಮಿನಲ್ಲಿ ೧೭೯೨ರಿಂದ ಈಸ್ಟ್ ಇಂಡಿಯಾ ಕಂಪನಿಯ ಖಗೋಳ ವೀಕ್ಷಣಾಲಯವೊಂದಿತ್ತು. ೧೮೬೧ರಲ್ಲಿ ನಾರ್ಮನ್ ಪೋಗ್ಸನ್ ಎಂಬ ಆಂಗ್ಲ ವಿಜ್ಞಾನಿ ಅದರ ಮುಖ್ಯಸ್ಥನಾಗಿ ಬಂದ. ನಕ್ಷತ್ರಗಳ ಹೊಳಪನ್ನು ಅಳೆಯುವ ಇಂದಿನ ಮಾನವನ್ನು ೧೮೫೬ರಲ್ಲಿ ಸೂಚಿಸಿದವನು ಈತನೇ.

ಬಂದ ವರ್ಷವೇ, ಏಪ್ರಿಲ್ ೧೭ರಂದು, ಪೋಗ್ಸನ್ನನಿಗೆ ೬೭ನೆಯ ಕ್ಷುದ್ರಗ್ರಹ ಕಂಡಿತು. ಏಷ್ಯಾ ಖಂಡದ ನೆಲದಿಂದ ಕಂಡ ಮೊದಲನೆಯದಾದ್ದರಿಂದ ಏಷ್ಯಾ ಎಂದೇ ಅದರ ಹೆಸರಾಯಿತು. ಆಮೇಲೆ ಅದೇ ಮದರಾಸಿನಿಂದ ೧೮೬೪ರಲ್ಲಿ ಸಾಫೊ, ೧೮೬೬ರಲ್ಲಿ ಸಿಲ್ವಿಯಾ, ೧೮೬೮ರಲ್ಲಿ ಕಮಿಲ್ಲಾ, ೧೮೮೫ರಲ್ಲಿ ವೆರಾ ದೊರೆತವು. ಆಗಿನ್ನೂ ಛಾಯಾಚಿತ್ರದ ನೆರವಿಲ್ಲ. ನಕ್ಷತ್ರಪಟವನ್ನು ಮುಂದಿಟ್ಟುಕೊಂಡು ರಾತ್ರಿಯೆಲ್ಲ ಕಣ್ಣಿನಿಂದಲೇ ಹೋಲಿಸಬೇಕು.

ಆ ವೀಕ್ಷಣಾಲಯದಲ್ಲಿ ದುಡಿದ ಇನ್ನಿಬ್ಬರನ್ನು ಇಲ್ಲಿ ನೆನೆಯಬೇಕು. ಪೋಗ್ಸನ್ನನ ಮಗಳು ಐಸಿಸ್, ತಂದೆಗೆ ಸಹಾಯಕಳಾಗಿ ವರ್ಷಗಟ್ಟಲೆ ಲೆಕ್ಕದ ಕೆಲಸ ಮಾಡಿದಳು. ಇಂಗ್ಲೆಂಡಿನಲ್ಲಿದ್ದಾಗ ತಂದೆ ಕಂಡ ೪೨ನೆಯ ಕ್ಷುದ್ರಗ್ರಹಕ್ಕೂ ಐಸಿಸ್ ಎಂಬುದೇ ಹೆಸರು. ಇನ್ನೊಬ್ಬರು ಚಿಂತಾಮಣಿ ರಘುನಾಥಾಚಾರಿ. ಇವರು ೧೮೬೭ರಲ್ಲಿ, ಹೊಳಪು ಏರಿಳಿಯುವ ಒಂದು ನಕ್ಷತ್ರವನ್ನು ಕಂಡುಹಿಡಿದರು. ೧೮೭೪ರ ಶುಕ್ರಸಂಕ್ರಮಣದ ವೇಳೆಗೆ ನಮ್ಮ ಜನಕ್ಕೆ ಅದನ್ನು ತಿಳಿಸಿಕೊಡಲು ಕಿರುಹೊತ್ತಗೆಯನ್ನೂ ಬರೆದರು.

ಈ ವೀಕ್ಷಣಾಲಯ ನಮಗೆ ದೂರದ್ದೆಂದು ತಿಳಿಯಬೇಡಿ. ಇಂದಿನ ಭಾರತೀಯ ಕಾಲಮಾನವು ೧೯೦೬ರ ಹೊತ್ತಿಗೆ ಜಾರಿಗೆ ಬರುವವರೆಗೆ ನಮ್ಮ ರೈಲುಗಳು ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. ಆ ವೇಳೆಯನ್ನು ಅಳೆದು ಕೊಡುತ್ತಿದ್ದುದು ಈ ವೀಕ್ಷಣಾಲಯವೇ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಗಾಡಿಗೆ ಕಾದು ನಿಂತ ನಮ್ಮ ಅಜ್ಜಂದಿರು ತಮಗರಿವಿಲ್ಲದೆ ನುಂಗಂಬಾಕಮ್ಮಿನ ಗಡಿಯಾರವನ್ನು ನಂಬಿದ್ದರು.

ಇತ್ತ ೧೮೯೧ರಲ್ಲಿ ಜರ್ಮನಿಯ ಮ್ಯಾಕ್ಸ್ ವುಲ್ಫ್, ಛಾಯಾಚಿತ್ರ ಫಲಕದ ಮೇಲೆ ಕ್ಷುದ್ರಗ್ರಹವೊಂದನ್ನು ಹಿಡಿದ. ನಕ್ಷತ್ರಗಳು ಚುಕ್ಕಿಗಳಾಗಿಯೂ, ಸರಿಯುವ ಕ್ಷುದ್ರಗ್ರಹ ಗೆರೆಯಾಗಿಯೂ ಮೂಡುವುದರಿಂದ ಹುಡುಕುವ ಕೆಲಸ ಸುಲಭವಾಯಿತು. ಸಿಕ್ಕವುಗಳ ಸಂಖ್ಯೆ ಮಳೆಗಾಲದ ಹಳ್ಳದಂತೆ ಏರಿತು. ಕಂಡ ಕೂಡಲೇ ಹೆಸರಿಟ್ಟರೆ ಸೆರೆಸ್ಸಿಗೆ ಆದ ಗತಿಯೇ ನೂರಾರು ಬಂಡೆಗಳಿಗೆ ಆದೀತು: ಹೆಸರಿರುತ್ತದೆ, ವಸ್ತು ತಪ್ಪಿಸಿಕೊಂಡಿರುತ್ತದೆ. ಇದಕ್ಕಾಗಿ ವಿಜ್ಞಾನಿಗಳು ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಕಟ್ಟಿದರು. ಅದನ್ನು ನಮ್ಮವರದೇ ಒಂದು ಉದಾಹರಣೆಯಿಂದ ತಿಳಿಸುತ್ತೇನೆ.

ಮದರಾಸಿನ ವೀಕ್ಷಣಾಲಯದ ಕೆಲಸ ೧೮೯೯ರಲ್ಲಿ ಕೊಡೈಕನಾಲಿಗೆ ಹೋಯಿತು. ಮುಂದೆ ಅದೇ ಪರಂಪರೆಯಿಂದ, ವೈನು ಬಪ್ಪು ಅವರ ದುಡಿಮೆಯಿಂದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಬೆಳೆಯಿತು. ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಆ ಸಂಸ್ಥೆಯ ದೂರದರ್ಶಕಗಳಿವೆ. ೧೯೮೦ರ ದಶಕದಲ್ಲಿ ಅಲ್ಲಿ ಕ್ಷುದ್ರಗ್ರಹಗಳನ್ನು ಹುಡುಕುವ ಯೋಜನೆಯೊಂದು ನಡೆಯಿತು. ಅದಕ್ಕೆ ಕಲ್ಕಿ ಎಂದು ಹೆಸರು. ೧೯೮೮ರ ಫೆಬ್ರುವರಿ ೧೭ರಂದು ಅಲ್ಲಿಯ ವಿಜ್ಞಾನಿ ಆರ್. ರಾಜಮೋಹನ್ ಅವರಿಗೆ ಹೊಸದೊಂದು ಬಂಡೆ ಕಂಡಿತು.

ಮೊದಲ ಮೆಟ್ಟಿಲು, ತಾತ್ಕಾಲಿಕ ಗುರುತು. ಆ ಬಂಡೆಗೆ ದೊರೆತ ಗುರುತು '೧೯೮೮ ಡಿಕ್ಯೂ೧'. ಒಗಟಿನಂತಿದೆಯಲ್ಲವೇ? ಬಿಡಿಸಿದರೆ ಸುಲಭ. ವರ್ಷವನ್ನು ೨೪ ಅರ್ಧಮಾಸಗಳಾಗಿ ಒಡೆದು, ಐ ಎಂಬುದನ್ನು ಬಿಟ್ಟು, ಇಂಗ್ಲಿಷಿನ ಅಕ್ಷರಗಳನ್ನು ಹಚ್ಚುತ್ತಾರೆ. ಜನವರಿಯ ಮೊದಲರ್ಧ ಎ, ಎರಡನೆಯರ್ಧ ಬಿ, ಫೆಬ್ರುವರಿಯ ಮೊದಲರ್ಧ ಸಿ, ಎರಡನೆಯರ್ಧ ಡಿ. ನಮ್ಮ ಪಂಚಾಂಗದ ಶುಕ್ಲಪಕ್ಷ, ಕೃಷ್ಣಪಕ್ಷಗಳನ್ನು ಬಲ್ಲವರಿಗೆ ಈ ಲೆಕ್ಕ ಪರಕೀಯವೆನಿಸದು. ಎರಡನೆಯ ಅಕ್ಷರ, ಆ ಪಕ್ಷದಲ್ಲಿ ಎಷ್ಟನೆಯದೆಂಬುದನ್ನು ಹೇಳುತ್ತದೆ. ಐ ಬಿಟ್ಟು ಎಣಿಸಿದರೆ ಕ್ಯೂ ೧೬ನೆಯದು. ಪಕ್ಕದ ೧ ಎಂದರೆ ೨೫ ಅಕ್ಷರಗಳ ಸುತ್ತು ಒಂದು ಸಲ ಮುಗಿದಿದೆ ಎಂದರ್ಥ. ೨೫ಕ್ಕೆ ೧೬ ಕೂಡಿದರೆ ೪೧. ಎಂದರೆ ೧೯೮೮ರ ಫೆಬ್ರುವರಿಯ ಎರಡನೆಯರ್ಧದಲ್ಲಿ ದಾಖಲಾದ ೪೧ನೆಯ ಕಾಯ. ೧೯೨೫ರಿಂದ ಬಳಕೆಯಲ್ಲಿರುವ ಈ ಗುರುತು ಅಪ್ಪಟ ಅನ್ವರ್ಥನಾಮ. ತನ್ನ ಜನ್ಮಪತ್ರಿಕೆಯನ್ನು ತಾನೇ ಹೇಳುತ್ತದೆ.

ಎರಡನೆಯ ಮೆಟ್ಟಿಲು, ಅಂಕಿ. ಬಂಡೆಯನ್ನು ವರ್ಷದಿಂದ ವರ್ಷಕ್ಕೆ ಮತ್ತೆ ಮತ್ತೆ ನೋಡಬೇಕು. ಅದರ ಪಥ ನಿಶ್ಚಯವಾಗಿ, ಇನ್ನು ಕಳೆದುಹೋಗದೆಂಬ ಭರವಸೆ ಬಂದ ಮೇಲೆ ಒಂದು ಶಾಶ್ವತ ಸಂಖ್ಯೆ ದೊರೆಯುತ್ತದೆ. ಈ ದಾಖಲೆಗಳನ್ನು ಇಡುವುದಕ್ಕೆಂದೇ ೧೯೪೭ರಲ್ಲಿ ಅಮೆರಿಕದಲ್ಲಿ ಕೇಂದ್ರವೊಂದು ಹುಟ್ಟಿತು. ಕಾವಲೂರಿನ ಬಂಡೆಗೆ ೪೧೩೦ ಎಂಬ ಅಂಕಿ ಬಂತು. ಮೂರನೆಯ ಮೆಟ್ಟಿಲು, ಹೆಸರು. ಗಣಿತಜ್ಞ ರಾಮಾನುಜನ್ನರ ಜನ್ಮಶತಾಬ್ದಿ ೧೯೮೭ರಲ್ಲಿ ಆಗಷ್ಟೇ ಮುಗಿದಿತ್ತು. ೪೧೩೦ನೆಯದು ರಾಮಾನುಜನ್ ಆಯಿತು. ವೆರಾ ಸಿಕ್ಕ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದು ಭಾರತದ ನೆಲದಿಂದ ಮತ್ತೆ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಅದನ್ನು ಸಾಧಿಸಿದ್ದು ಪೋಗ್ಸನ್ನನ ವೀಕ್ಷಣಾಲಯದ ವಂಶಕ್ಕೇ ಸೇರಿದ ಸಂಸ್ಥೆ.

ಇ‌ಲ್ಲೊಂದು ವಿಶೇಷ ಗಮನಿಸಿ. ರಾಮಾನುಜನ್ ಕಾಣುವುದಕ್ಕೂ ಕೆಲವು ವಾರ ಮುಂಚೆ, ಅದೇ ಜನವರಿಯಲ್ಲಿ, ಕಾವಲೂರಿನಲ್ಲಿ ಇನ್ನೊಂದು ಬಂಡೆ ಕಂಡಿತ್ತು. ಆದರೆ ಅದಕ್ಕೆ ದೊರೆತ ಅಂಕಿ ೮೩೪೮. ಆ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಭಟ್ಟಾಚಾರ್ಯ ಅವರ ಹೆಸರನ್ನು ಅದಕ್ಕೆ ಇಟ್ಟರು. ಮೊದಲು ಹುಟ್ಟಿದವನು ಹಿರಿಯನಲ್ಲ, ಮೊದಲು ಲೆಕ್ಕಕ್ಕೆ ಸಿಕ್ಕವನು ಹಿರಿಯ. ಸಂಸ್ಥೆಯನ್ನು ಕಟ್ಟಿದ ವೈನು ಬಪ್ಪು ಅವರ ಹೆಸರು ೨೫೯೬ನೆಯದಕ್ಕೆ ಇದೆ. ಅದೇ ಸಂಸ್ಥೆಯ ಜಯಂತ್ ಮೂರ್ತಿ ಅವರ ಹೆಸರು ೨೦೨೧ರಲ್ಲಿ ೨೧೫೮೮೪ನೆಯದಕ್ಕೆ ಬಂತು.

ಅಂಕ ಎಂಬ ಸಂಸ್ಕೃತ ಶಬ್ದಕ್ಕೆ ಗುರುತು ಎಂಬ ಅರ್ಥವೂ ಉಂಟು, ಸಂಖ್ಯೆ ಎಂಬ ಅರ್ಥವೂ ಉಂಟು. ನಮ್ಮ ಅಂಕಿ, ಅಂಕಿತ ಎರಡೂ ಅದರಿಂದಲೇ ಬಂದವು. ಆಕಾಶದ ಈ ಕಾನೂನನ್ನು ಕನ್ನಡದಲ್ಲಿ ಹೇಳುವುದಾದರೆ ಅಂಕಿ ಮೊದಲು, ಅಂಕಿತ ಆಮೇಲೆ. ಹರಿದಾಸರ ಸಂಪ್ರದಾಯದಲ್ಲಿಯೂ ಅಂಕಿತವನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಗುರುವಿನಿಂದ ಪಡೆಯಬೇಕು. ಪುರಂದರದಾಸರಿಗೆ ಅಂಕಿತ ಕೊಟ್ಟವರು ವ್ಯಾಸರಾಯರೆಂಬುದು ಸಂಪ್ರದಾಯ. ಕ್ಷುದ್ರಗ್ರಹ ಕಂಡವನು ಅದಕ್ಕೆ ತನ್ನ ಹೆಸರನ್ನೇ ಇಡುವಂತಿಲ್ಲ. ಇನ್ನೊಬ್ಬರು ಗೌರವಿಸಿ ಇಡಬೇಕು.

ಅಂಕಿ ಬಂದ ಮೇಲೆ ಹೆಸರು ಸೂಚಿಸಲು ಕಂಡವರಿಗೆ ೧೦ ವರ್ಷಗಳ ಹಕ್ಕು. ಸೂಚನೆಯನ್ನು ಖಗೋಳ ಸಂಘದ ನಾಮಕರಣ ಸಮಿತಿ ಪರಿಶೀಲಿಸುತ್ತದೆ. ರೋಮನ್ ಲಿಪಿಯಲ್ಲಿ ೧೬ ಅಕ್ಷರ ಮೀರಕೂಡದು, ಆದಷ್ಟೂ ಒಂದೇ ಪದವಾಗಿರಬೇಕು, ಉಚ್ಚಾರಣೆಗೆ ಬರಬೇಕು, ಯಾರ ಮನಸ್ಸನ್ನೂ ನೋಯಿಸಕೂಡದು, ಈಗಾಗಲೇ ಇರುವ ಹೆಸರನ್ನು ತೀರ ಹೋಲಬಾರದು. ವ್ಯಾಪಾರದ ಹೆಸರು ಸಲ್ಲದು. ರಾಜಕಾರಣಿ, ಸೇನಾನಿಗಳ ಹೆಸರಿಡಲು ಅವರು ತೀರಿಕೊಂಡು ೧೦೦ ವರ್ಷ ಕಳೆದಿರಬೇಕು. ಚೌಕಕ್ಕೊಂದು ಪುತ್ಥಳಿ ನಿಲ್ಲಿಸುವ ನಮಗೆ ಇದರಲ್ಲಿ ಕಲಿಯುವುದಿದೆ. ಸಾಕುಪ್ರಾಣಿಗಳ ಹೆಸರೂ ಬೇಡವೆಂಬ ಸಲಹೆಯುಂಟು. ಅಮೆರಿಕದ ವಿಜ್ಞಾನಿಯೊಬ್ಬ ೨೩೦೯ನೆಯದಕ್ಕೆ ತನ್ನ ಬೆಕ್ಕಿನ ಹೆಸರು ಇಟ್ಟುಬಿಟ್ಟಿದ್ದ!

ಗುಂಪಿಗೆ ತಕ್ಕ ಸಂಪ್ರದಾಯಗಳೂ ಇವೆ. ಗುರುಗ್ರಹದ ಪಥದಲ್ಲಿಯೇ ಮುಂದೆ ಹಿಂದೆ ಸಾಗುವ ಬಂಡೆಗಳಿಗೆ ಗ್ರೀಕರ ಟ್ರಾಯ್ ಯುದ್ಧದ ವೀರರ ಹೆಸರು. ನೆಪ್ಚೂನಿನ ಆಚೆಯ ಹಲವು ಕಾಯಗಳಿಗೆ ಸೃಷ್ಟಿಯ ಕಥೆಗಳ ದೇವತೆಗಳ ಹೆಸರು. ೨೦೦೦ನೆಯ ಇಸವಿಯಲ್ಲಿ ಕಂಡ ಅಂಥದೊಂದಕ್ಕೆ, ೨೦೦೦೦ ಎಂಬ ತುಂಬು ಅಂಕಿಯೊಡನೆ, ವೇದಗಳ ವರುಣನ ಹೆಸರು ಬಂತು. ಹಂಪೆಯ ವಿರೂಪಾಕ್ಷನಿಗೆ ಕೈಮುಗಿಯುವವರು ಇದನ್ನೂ ಕೇಳಿ: ೧೯೩೦ರಲ್ಲಿ ಬೆಲ್ಜಿಯಮ್ಮಿನ ದೆಲ್‌ಪೋರ್ತ್ ಕಂಡ ೧೧೭೦ನೆಯದರ ಹೆಸರು ಶಿವ. ೧೯೮೬ರಲ್ಲಿ ಎಲೀನರ್ ಹೆಲಿನ್ ಎಂಬ ಮಹಿಳೆ ಕಂಡ ೪೦೩೪ನೆಯದರ ಹೆಸರು ವಿಷ್ಣು. ೨೦೦೩ರಲ್ಲಿ ಕೊಲಂಬಿಯಾ ನೌಕೆಯ ದುರಂತದಲ್ಲಿ ಅಳಿದ ಏಳು ಮಂದಿಗೆ ಒಂದರ ಪಕ್ಕ ಒಂದಿರುವ ಏಳು ಅಂಕಿಗಳನ್ನು ಮೀಸಲಿಟ್ಟರು. ೫೧೮೨೬ನೆಯದು ಕಲ್ಪನಾ ಚಾವ್ಲಾ. ೨೦೧೯ರಲ್ಲಿ ಪಂಡಿತ್ ಜಸ್‌ರಾಜರ ಹೆಸರು ಹೊತ್ತದ್ದು ೩೦೦೧೨೮ನೆಯದು. ಅವರು ಹುಟ್ಟಿದ್ದು ೧೯೩೦ರ ಜನವರಿ ೨೮. ಅಂಕಿಯನ್ನು ಎರಡೆರಡಾಗಿ ಒಡೆದು ಓದಿ ನೋಡಿ: ವರ್ಷ, ತಿಂಗಳು, ದಿನ! ಅಮೆರಿಕದ ಒಂದು ಪ್ರಯೋಗಶಾಲೆಯು ತಾನು ಕಂಡ ಬಂಡೆಗಳಿಗೆ ವಿಜ್ಞಾನ ಸ್ಪರ್ಧೆಗಳಲ್ಲಿ ಗೆದ್ದ ಶಾಲಾ ಮಕ್ಕಳ ಹೆಸರಿಡುತ್ತ ಬಂದಿದೆ. ಅವರಲ್ಲಿ ಕರ್ನಾಟಕದ ಮಕ್ಕಳೂ ಇದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ಪಂಡಿತನಿಗೆ ಸುಮ್ಮನಿರಲಾದೀತೆ? ರೋಮನ್ ಲಿಪಿಯಲ್ಲಿ ಎಣಿಸಿದೆ. ಕೃಷ್ಣದೇವರಾಯ ೧೫ ಅಕ್ಷರ. ನೂರು ವರ್ಷದ ನಿಯಮವನ್ನೂ ದಾಟಿದವನು. ವಿರೂಪಾಕ್ಷ ೧೦. ತೋರಣಗಲ್ಲು ೧೧. ತೋರಣ, ಕಲ್ಲು ಎರಡೂ ಕೂಡಿ, ಕಕಾರಕ್ಕೆ ಗಕಾರ ಬಂದ ಆದೇಶಸಂಧಿಯ ಹೆಸರು. ಕಲ್ಲುಗಳ ನಡುವೆ ಸುತ್ತುವ ಕಲ್ಲಿಗೆ ಇದಕ್ಕಿಂತ ಒಪ್ಪುವ ಅಂಕಿತ ಯಾವುದಿದೆ? ದೂರದರ್ಶಕ ತೆಗೆದ ಚಿತ್ರಗಳನ್ನು ಗಣಕಯಂತ್ರದಲ್ಲಿ ಹೋಲಿಸಿ ಹೊಸ ಬಂಡೆಗಳನ್ನು ಹುಡುಕುವ ಅಂತರರಾಷ್ಟ್ರೀಯ ಅಭಿಯಾನಗಳಲ್ಲಿ ನಮ್ಮ ದೇಶದ ಶಾಲೆಗಳೂ ಭಾಗವಹಿಸುತ್ತಿವೆ. ನಮ್ಮೂರ ರಾತ್ರಿಯ ಆಕಾಶ ಕುಲುಮೆಯ ಬೆಳಕಿನಿಂದ ಕೆಂಪಾಗಿದ್ದರೂ ಆ ಚಿತ್ರಗಳನ್ನು ನೋಡಲು ಅಡ್ಡಿಯಿಲ್ಲ. ಬೇಕಾದದ್ದು ತಾಳ್ಮೆ.

ವಾರ ಕಳೆದು ನನ್ನ ವಿದ್ಯಾರ್ಥಿ ಬಂದ. ಇಷ್ಟನ್ನೂ ಅವನಿಗೆ ಹೇಳಿದೆ. ಅವನು ಹಣ ಹೋಯಿತೆಂದು ಮರುಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಸರ್, ನಮ್ಮವ್ವ ಸಂಡೂರು ಗುಡ್ಡದಾಗ ಅದಿರು ಒಡೆದಾಕಿ. ಗಣಿಯಾಗ ಆಕಿಗೆ ನಂಬರ್ ಇತ್ತು. ಹೆಸರು ಹಿಡಿದು ಯಾರೂ ಕರೀಲಿಲ್ಲ. ಅದಕ್ಕೇ ಎಲ್ಲಾರ ಒಂದು ಕಡೆ ಹೆಸರು ಇರ್ಲಿ ಅಂತ..." ಎಂದ.

ಅಂಕಿ ಪಡೆದ ಕ್ಷುದ್ರಗ್ರಹಗಳು ಇಂದು ಎಂಟು ಲಕ್ಷವನ್ನು ಮೀರಿವೆ. ಅವುಗಳಲ್ಲಿ ಹೆಸರು ಪಡೆದವು ಇಪ್ಪತ್ತೈದು ಸಾವಿರದಷ್ಟು, ನೂರಕ್ಕೆ ಮೂರು. ಮಿಕ್ಕವು ಬರಿಯ ಅಂಕಿಯಾಗಿ ಸುತ್ತುತ್ತಿವೆ. ಭೂಮಿಯ ಮೇಲೂ ಲೆಕ್ಕ ಹೆಚ್ಚು ಬೇರೆಯಿಲ್ಲವೆಂದು ಅವನ ಮಾತು ಕೇಳಿ ನನಗೆ ಅನ್ನಿಸಿತು.

ಆಗ ಒಂದು ಸಂಗತಿ ನೆನಪಾಯಿತು. ಖಗೋಳ ಸಂಘವು ಹೆಸರನ್ನು ಪ್ರಕಟಿಸುವಾಗ ಬರಿಯ ಹೆಸರನ್ನು ಪ್ರಕಟಿಸುವುದಿಲ್ಲ. ಇವರು ಯಾರು, ಏನು ಮಾಡಿದರು, ಈ ಹೆಸರು ಏಕೆ ಎಂಬ ಮೂರು ನಾಲ್ಕು ಸಾಲುಗಳ ಟಿಪ್ಪಣಿ ಜೊತೆಗಿರಬೇಕು. ಆ ಟಿಪ್ಪಣಿಯಿಲ್ಲದೆ ನಾಮಕರಣವಿಲ್ಲ. ಕೊಂಡು ತಂದ ಹೊಂಬಣ್ಣದ ಪತ್ರದಲ್ಲಿ ಎಲ್ಲವೂ ಇತ್ತು. ಆ ತಾಯಿ ಯಾರೆಂಬ ಒಂದು ಸಾಲು ಇರಲಿಲ್ಲ.

ಬಿಳಿಯ ಹಾಳೆಯೊಂದನ್ನು ತೆಗೆದುಕೊಂಡು, ಅವನನ್ನು ಕೇಳಿ ಕೇಳಿ, ನನ್ನ ಅಕ್ಷರದಲ್ಲಿ ಬರೆದೆ. ಆಕೆಯ ಹೆಸರು, ಹುಟ್ಟಿದ ಊರು, ಎಷ್ಟು ವರ್ಷ ಗಣಿಯಲ್ಲಿ ಸುತ್ತಿಗೆ ಹಿಡಿದಳು, ಮೂವರು ಮಕ್ಕಳನ್ನು ಹೇಗೆ ಶಾಲೆಗೆ ಕಳಿಸಿದಳು, ಯಾವ ದಿನ ತೀರಿಕೊಂಡಳು. ನಾಲ್ಕೇ ಸಾಲು. ಒಂದು ವಿಶೇಷಣವನ್ನೂ ಹಾಕಲಿಲ್ಲ. ಅವನು ಎರಡು ಸಲ ಓದಿದ. ಚೌಕಟ್ಟಿನ ಹಿಂದಿನ ಮೊಳೆಗಳನ್ನು ತಾನೇ ಬಿಡಿಸಿ, ಹೊಂಬಣ್ಣದ ಪತ್ರವನ್ನು ತೆಗೆದು ಈ ಹಾಳೆಯನ್ನು ಒಳಗಿಟ್ಟುಕೊಂಡು ಹೋದ.

ಓದುಗ ಬಂಧುಗಳೇ, ನಿಮ್ಮ ಮನೆಯ ಗೋಡೆಯ ಮೇಲೆಯೂ ಹಿರಿಯರ ಭಾವಚಿತ್ರಗಳಿರಬಹುದು. ಅವುಗಳ ಕೆಳಗೆ ಹೆಸರಿದ್ದೀತು, ತೇದಿ ಇದ್ದೀತು. ನಾಲ್ಕು ಸಾಲಿನ ಟಿಪ್ಪಣಿ ಇದೆಯೇ, ನೋಡಿ. ಇಲ್ಲದಿದ್ದರೆ, ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಡಿ.